ಗರ್ಭದ ಮಗುವಿಗೆ ಯಾವ ಅಪರಾಧ?



2008ರ ಮೇ 12ರಂದು ಅಮೇರಿಕದ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಮಾಂಸದ ಕಾರ್ಖಾನೆಗೆ ವಲಸೆ ಅಧಿಕಾರಿಗಳು ದಾಳಿ ಮಾಡಿ 389 ಮಂದಿಯನ್ನು ಬಂಧಿಸಿದರು. ಹೆಚ್ಚಿನವರು ಹೊಟ್ಟೆಪಾಡಿಗಾಗಿ ಗ್ವಾಟೆಮಾಲಾದಿಂದ ಬಂದವರು. ಆ ಬಳಿಕದ 37 ವಾರಗಳಲ್ಲಿ ಆ ರಾಜ್ಯದಲ್ಲಿ ಜನಿಸಿದ ಶಿಶುಗಳ ತೂಕವನ್ನು ಸಂಶೋಧಕರು ಹಿಂದಿನ ವರ್ಷದ ಅದೇ ಅವಧಿಯೊಂದಿಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ಲ್ಯಾಟಿನ್ ಅಮೇರಿಕ ಮೂಲದ ತಾಯಂದಿರಿಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಶೇ. 24ರಷ್ಟು ಹೆಚ್ಚಿತ್ತು. ಅಮೇರಿಕದಲ್ಲೇ ಹುಟ್ಟಿದ, ಯಾರೂ ಹೊರದಬ್ಬಲಾಗದ ತಾಯಂದಿರನ್ನೂ ಅದು ಬಿಡಲಿಲ್ಲ. ಭಯವು ಗರ್ಭದೊಳಕ್ಕೂ ಇಳಿಯುತ್ತದೆ!

ಆಸ್ಪತ್ರೆ, ಶಾಲೆ, ಆರಾಧನಾಲಯಗಳಲ್ಲಿ ಇಂತಹ ಬಂಧನಗಳನ್ನು ಆದಷ್ಟು ಮಾಡಬಾರದೆಂಬ ಸೂಚನೆಯನ್ನೂ ಆ ದೇಶವು 2025ರ ಜನವರಿಯಲ್ಲಿ ತೆಗೆದುಹಾಕಿತು. ಹೀಗಾದರೆ ಕಾಗದಪತ್ರವಿಲ್ಲದ ಗರ್ಭಿಣಿ ವೈದ್ಯರ ಬಳಿಗೆ ಹೇಗೆ ಹೋದಾಳು?

ಕಾನೂನು ಜಾರಿಗೊಳಿಸುವುದು ಆಡಳಿತದ ಹಕ್ಕು. ಇಸ್ಲಾಮ್ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೊಂದು ಎಲ್ಲೆಯನ್ನಿಟ್ಟಿದೆ. ಗಾಮಿದ್ ಗೋತ್ರದ ಗರ್ಭಿಣಿಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು, ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡು ಶಿಕ್ಷೆ ಕೇಳಿದರು. ಹೆರಿಗೆಯಾಗುವ ತನಕ, ಮಗು ಹಾಲು ಬಿಡುವ ತನಕ ಪ್ರವಾದಿವರ್ಯರು(ಸ) ಆಕೆಯನ್ನು ಹಿಂದಕ್ಕೆ ಕಳುಹಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಶಿಕ್ಷೆ ಖಚಿತವಾಗಿದ್ದಲ್ಲಿಯೂ ಮಗುವಿನ ಹಕ್ಕು ಮೊದಲು. ಹಾಗಿರುವಾಗ, ತುತ್ತು ಅನ್ನಕ್ಕಾಗಿ ಗಡಿ ದಾಟಿದ ತಾಯಿಯ ವಿಷಯದಲ್ಲಿ ಎಷ್ಟು ಹೆಚ್ಚು ಕರುಣೆ ಇರಬೇಡ?

ಹಿಜ್ರತ್‌ನ ದಿನಗಳನ್ನು ನೆನೆಯಿರಿ. ಹ. ಅಸ್ಮಾ(ರ) ತುಂಬು ಗರ್ಭಿಣಿಯಾಗಿ ಮಕ್ಕಾದಿಂದ ಹೊರಟು ಕುಬಾದಲ್ಲಿ ಹೆತ್ತರು. ಪ್ರವಾದಿವರ್ಯರು(ಸ) ಆ ಶಿಶುವನ್ನು ಮಡಿಲಲ್ಲಿಟ್ಟುಕೊಂಡು, ಖರ್ಜೂರ ಅಗಿದು ಬಾಯಿಗಿಟ್ಟು, ಸಮೃದ್ಧಿಗಾಗಿ ಪ್ರಾರ್ಥಿಸಿದರು. ಮದೀನಾದಲ್ಲಿ ಮುಹಾಜಿರರಿಗೆ ಹುಟ್ಟಿದ ಪ್ರಥಮ ಮಗುವಿಗೆ ದೊರೆತ ಸ್ವಾಗತವದು.

ಬಂಧುಗಳೇ, ಅಮೇರಿಕದ ಕಾನೂನು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ನೆರೆಹೊರೆ ನಮ್ಮ ಕೈಯಲ್ಲಿದೆ. ಕಟ್ಟಡ ಕೆಲಸಕ್ಕೂ ಕಾಫಿ ತೋಟಗಳಿಗೂ ದೂರದ ರಾಜ್ಯಗಳಿಂದ ಬಂದ ಕುಟುಂಬಗಳು ನಮ್ಮ ನಡುವೆ ಇವೆ. ಅವರ ಹೆಣ್ಣುಮಕ್ಕಳಿಗೆ ಭಾಷೆ ಬಾರದು, ಆಸ್ಪತ್ರೆಯ ದಾರಿ ತಿಳಿಯದು. ಯಾರು ಏನು ಕೇಳಿಯಾರೋ ಎಂಬ ಅಳುಕು ಬೇರೆ. "ನೀನು ಎಲ್ಲಿಯವಳು?" ಎಂದು ಪ್ರಶ್ನಿಸುವ ಮುನ್ನ "ಊಟವಾಯಿತೇ ತಂಗಿ, ಡಾಕ್ಟರಿಗೆ ತೋರಿಸಿದೆಯಾ?" ಎಂದು ವಿಚಾರಿಸುವವರು ನಾವಾಗಬೇಕು. ನಮ್ಮ ಮನೆಯ ಹೆಂಗಸರು ಆಕೆಯ ಜೊತೆ ಒಮ್ಮೆ ಆಸ್ಪತ್ರೆಗೆ ನಡೆದರೆ ಅದೂ ಇಬಾದತ್ತೇ.

ಅಳುಕಿನಲ್ಲಿರುವ ತಾಯಂದಿರಿಗೆ ಆಸರೆಯಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.