ಆರನೇ ಕುರ್ಚಿ

*ಇಂದಿನ ಧಮ್ಮ ಚಿಂತನೆ*





ಇವತ್ತು ಒಂದು ಊಟದ ಮೇಜಿನ ಬಗ್ಗೆ ಬರೆಯುತ್ತಿದ್ದೇನೆ. ಧಮ್ಮ ಚಿಂತನೆಯಲ್ಲಿ ಡೈನಿಂಗ್ ಟೇಬಲ್ಲಿಗೇನು ಕೆಲಸ ಎಂದು ನೀವು ಕೇಳಬಹುದು. ಆ ಮೇಜು ಮನೆಗೆ ಬರುವವರೆಗೆ ನನಗೂ ಹಾಗೇ ಅನ್ನಿಸಿತ್ತು.

ಸಾಲ ಮಾಡಿ ಮನೆ ಕಟ್ಟಿಸಿದ್ದಾಯಿತು. ಅಡುಗೆಮನೆ ಮತ್ತು ಹಾಲಿನ ನಡುವೆ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಅತ್ತೆಯವರಿಗೆ ಮಂಡಿ ನೋವು, ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ. ಹಾಗಾಗಿ ಒಂದು ಭಾನುವಾರ ಎಲ್ಲರೂ ಫರ್ನಿಚರ್ ಅಂಗಡಿಗೆ ಹೋದೆವು. ಮರದ ಸೆಟ್ಟುಗಳನ್ನು ನೋಡುತ್ತ ಬಂದ ಮಗಳು ಒಂದರ ಮುಂದೆ ನಿಂತುಬಿಟ್ಟಳು. ಮೇಲೆ ಗಾಜು, ಕೆಳಗೆ ಕ್ರೋಮ್ ಕಾಲುಗಳು, ಕ್ರೋಮ್ ಚೌಕಟ್ಟಿನ ಕುರ್ಚಿಗಳು. ಫಳಫಳ ಹೊಳೆಯುತ್ತಿತ್ತು. ನಾಲ್ಕು ಕುರ್ಚಿಯದೂ ಇತ್ತು, ಆರು ಕುರ್ಚಿಯದೂ ಇತ್ತು. "ಆರರದ್ದೇ ತಗೊಳ್ಳಿ ಮೇಡಂ, ನೆಂಟರು ಬಂದ್ರೆ ಬೇಕಾಗುತ್ತೆ" ಎಂದರು ಅಂಗಡಿಯವರು.

ಕುರ್ಚಿಯ ಕಾಲು ನೋಡಲು ಬಗ್ಗಿದೆ. ಅದರಲ್ಲಿ ನನ್ನ ಮುಖ ಕಾಣಿಸಿತು, ಉದ್ದಕ್ಕೆ ಎಳೆದ ಹಾಗೆ. ಹಿಂದಿನ ವಾರವಷ್ಟೇ ನಮ್ಮ ಅಧ್ಯಯನ ಬಳಗದಲ್ಲಿ ಅಂಬಲಟ್ಠಿಕ ರಾಹುಲೋವಾದ ಸುತ್ತವನ್ನು ಓದಿದ್ದೆವು. ಅದು ನೆನಪಾಯಿತು.

ಭಗವಾನರು ಮಗ ರಾಹುಲನನ್ನು ಕಾಣಲು ಹೋಗುತ್ತಾರೆ. ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಕೆಲಸವನ್ನೂ ಆಡುವ ಮಾತನ್ನೂ ಬರುವ ಯೋಚನೆಯನ್ನೂ ನೋಡಿಕೊಳ್ಳಬೇಕು ಎಂದು ಅವರು ಕಲಿಸುತ್ತಾರೆ. ಮಾಡುವ ಮೊದಲು ಒಮ್ಮೆ, ಮಾಡುತ್ತಿರುವಾಗ ಒಮ್ಮೆ, ಮಾಡಿದ ಮೇಲೆ ಒಮ್ಮೆ. ಇದರಿಂದ ನನಗೆ ನೋವಾಗುತ್ತದೆಯೇ, ಬೇರೆಯವರಿಗೆ ನೋವಾಗುತ್ತದೆಯೇ, ಇಬ್ಬರಿಗೂ ಆಗುತ್ತದೆಯೇ ಎಂದು ಮೂರು ಸಲವೂ ಕೇಳಿಕೊಳ್ಳಬೇಕು. ಅಶೋಕ ಮಹಾರಾಜ ತನ್ನ ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಪಟ್ಟಿ ಕೊಡುತ್ತಾನೆ. ರಾಹುಲನಿಗೆ ಮಾಡಿದ ಉಪದೇಶವೂ ಆ ಪಟ್ಟಿಯಲ್ಲಿದೆ. ಮನೆಗೆ ಮೇಜು ಕೊಳ್ಳುವವರಿಗೂ ಅದು ಸಲ್ಲುತ್ತದೆ ಎಂದು ನನಗೆ ಹೊಳೆದದ್ದು ಆ ಅಂಗಡಿಯಲ್ಲಿ.

*ಕೊಳ್ಳುವ ಮೊದಲು*

ನನಗೆ ಈ ಮೇಜು ಯಾಕೆ ಬೇಕು? ಅತ್ತೆಯ ಮಂಡಿಗೆ ಬೇಕಾದದ್ದು ಹದಿನೆಂಟು ಇಂಚು ಎತ್ತರದ ಒಂದು ಕುರ್ಚಿ, ಅದಕ್ಕೆ ತಕ್ಕ ಮೂವತ್ತು ಇಂಚು ಎತ್ತರದ ಒಂದು ಮೇಜು. ಒಬ್ಬೊಬ್ಬರಿಗೆ ಎರಡು ಅಡಿ ಅಂಚು ಸಿಕ್ಕರೆ ಮೊಣಕೈ ತಾಗದೆ ಉಣ್ಣಬಹುದು. ಅವಶ್ಯಕತೆ ಅಷ್ಟಕ್ಕೇ ಮುಗಿಯುತ್ತದೆ. ಉಳಿದ ಹೊಳಪು ಯಾರಿಗಾಗಿ? ಗೃಹಪ್ರವೇಶಕ್ಕೆ ಬರಲಾಗದ ನಮ್ಮ ಶಾಲೆಯ ಸಹೋದ್ಯೋಗಿಗಳು ಮುಂದೆ ಒಂದು ದಿನ ಬಂದಾಗ ಕಣ್ಣರಳಿಸಲಿ ಎಂದು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆದರೂ ನಿಜ ಅದೇ.

ಹಾಗೆಂದು ಈ ಆಸೆಯನ್ನು ಬರೀ ತಣ್ಹೆ ಎಂದು ತಳ್ಳಿಹಾಕಲೂ ಮನಸ್ಸು ಒಪ್ಪಲಿಲ್ಲ. ನಮ್ಮ ಅಪ್ಪ ಊರಿನ ಗೌಡರ ಜಗಲಿಯ ಕೆಳಗೆ ನಿಂತೇ ಮಾತಾಡಿದವರು. ಅವರ ಎದುರು ಕುರ್ಚಿ ಹಾಕಿಕೊಂಡು ಕೂರುವುದು ನಮ್ಮ ಕೇರಿಯವರು ಕನಸಿನಲ್ಲೂ ಎಣಿಸದ ಮಾತಾಗಿತ್ತು. ಊರ ಹೋಟೆಲಿನಲ್ಲಿ ಅಪ್ಪನಿಗೆ ಟೀ ಸಿಗುತ್ತಿದ್ದದ್ದು ಹೊರಗಡೆ, ತೆಂಗಿನ ಚಿಪ್ಪಿನಲ್ಲಿ. ಕುಡಿದ ಮೇಲೆ ಅವರೇ ತೊಳೆದು ಸೂರಿಗೆ ಸಿಕ್ಕಿಸಿ ಬರಬೇಕಿತ್ತು. ಅಂಥವರ ಮಗಳು ಒಳ್ಳೆಯ ಕುರ್ಚಿ ಬೇಕು ಅಂದರೆ ಅದರಲ್ಲಿ ತಪ್ಪೇನು? ಕೈಯಲ್ಲಿದ್ದದ್ದನ್ನು ಬಿಡುವುದು ತ್ಯಾಗ. ಎಂದೂ ಕೊಡದೇ ಇದ್ದದ್ದನ್ನು ಬಿಟ್ಟುಬಿಡಿ ಎಂದು ಹೇಳುವುದು ಮೋಸ. ಬಾಬಾಸಾಹೇಬರು ಅಚ್ಚುಕಟ್ಟಾಗಿ ಸೂಟು ಧರಿಸುತ್ತಿದ್ದದ್ದನ್ನು ನಾವು ಷೋಕಿ ಎನ್ನುವುದಿಲ್ಲ. ಮಧ್ಯಮ ಮಾರ್ಗವೆಂದರೆ ಸುಖಲೋಲುಪತೆಯನ್ನು ಬಿಡುವಷ್ಟೇ ಸುಮ್ಮನೆ ದೇಹ ದಂಡಿಸುವುದನ್ನೂ ಬಿಡುವುದು.

ಈ ಥರದ ಕುರ್ಚಿ ಹುಟ್ಟಿದ್ದೂ ದೊಡ್ಡವರ ಮನೆಗಾಗಿಯೇ ಅಲ್ಲ. 1925ರ ಹೊತ್ತಿಗೆ ಜರ್ಮನಿಯ ಬೌಹೌಸ್ ಶಾಲೆಯಲ್ಲಿದ್ದ ಮಾರ್ಸೆಲ್ ಬ್ರಾಯರ್ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ, ಉಕ್ಕಿನ ಕೊಳವೆಯನ್ನು ಹೀಗೆ ಬಗ್ಗಿಸಬಹುದಾದರೆ ಕುರ್ಚಿ ಯಾಕೆ ಮಾಡಬಾರದು ಎಂದು ಯೋಚಿಸಿದ. ಹಗುರ, ತೊಳೆಯಲು ಸುಲಭ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಬಹುದಾದದ್ದು. ಅಂಥ ಕುರ್ಚಿ ನಮ್ಮಂಥವರ ಮನೆಗೂ ಬಂದರೆ ಬರಲಿ.

*ಕೊಳ್ಳುವಾಗ*

ಇದರಿಂದ ಬೇರೆಯವರಿಗೆ ನೋವಾಗುತ್ತದೆಯೇ? ಈ ಪ್ರಶ್ನೆ ಬಂದಾಗ ನಮ್ಮ ಸಂಬಂಧಿಕರೊಬ್ಬರು ಕಣ್ಣ ಮುಂದೆ ಬಂದರು. ಪ್ಲೇಟಿಂಗ್ ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದವರು. ಅವರ ಬೆರಳ ಸಂದುಗಳಲ್ಲಿ ಒಣಗದ ಹುಣ್ಣುಗಳಿದ್ದವು.

ಕ್ರೋಮ್ ಎಂದರೆ ಕ್ರೋಮಿಯಂ ಎಂಬ ಲೋಹದ ಲೇಪ. ಉಕ್ಕಿನ ಕೊಳವೆಯನ್ನು ಉಜ್ಜಿ ನಯ ಮಾಡಿ, ಮೊದಲು ನಿಕ್ಕಲ್ ಪದರ ಕೊಟ್ಟು, ಆಮೇಲೆ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ನಮ್ಮ ಕಣ್ಣು ಕುಕ್ಕುವ ಆ ಕೊನೆಯ ಪದರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅದು ಕೂರುವಾಗ ತೊಟ್ಟಿಯಿಂದ ಗುಳ್ಳೆಗಳೇಳುತ್ತವೆ. ಗುಳ್ಳೆ ಒಡೆದಾಗ ಹಾರುವ ಸಣ್ಣ ಹನಿಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಇರುತ್ತದೆ. ಗಾಳಿ ಎಳೆಯುವ ಯಂತ್ರ, ಮಾಸ್ಕು, ಕೈಗವಸು ಇಲ್ಲದ ಕಡೆ ಅದು ಮೂಗಿನ ನಡುಗೋಡೆಯನ್ನೇ ತೂತು ಮಾಡಬಲ್ಲದು, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ತೊಟ್ಟಿಯ ನೀರು ಸಂಸ್ಕರಣೆಯಾಗದೆ ಹೊರಗೆ ಹೋದರೆ ಅಂತರ್ಜಲ ಕೆಡುತ್ತದೆ. ಅಂಗಡಿಗೆ ಬಂದ ಮೇಜಿನ ಮೇಲಿರುವುದು ಗಟ್ಟಿ ಲೋಹ, ಅದರ ಮುಂದೆ ಕೂತು ಉಣ್ಣುವ ನಮಗೆ ಏನೂ ಆಗುವುದಿಲ್ಲ. ವಿಷವೆಲ್ಲ ಮಾಡಿದವರ ಕಡೆಯೇ ಉಳಿಯಿತು, ಹೊಳಪು ಮಾತ್ರ ನಮ್ಮ ಮನೆಗೆ ಬಂತು.

ಇನ್ನೂ ಹಿಂದಕ್ಕೆ ಹೋದರೆ ಅದಿರು. ನಮ್ಮ ದೇಶದ ಕ್ರೋಮೈಟಿನ ಬಹುಪಾಲು ಒಡಿಶಾದ ಜಾಜ್‌ಪುರ ಜಿಲ್ಲೆಯ ಸುಕಿಂದಾ ಕಣಿವೆಯದು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯ ಬೈರಾಪುರದಲ್ಲೂ ಅದನ್ನು ತೆಗೆದಿದ್ದಾರೆ. ಒಂದು ಕುರ್ಚಿಯ ಕಾಲಿಗೆ ಇಷ್ಟು ಜನರ ಕೈ ತಾಗಿದೆ. ಇದು ಇದ್ದರೆ ಅದು ಎಂಬ ಪಟಿಚ್ಚ ಸಮುಪ್ಪಾದವನ್ನು ನಾವು ಬೋರ್ಡಿನ ಮೇಲೆ ಹನ್ನೆರಡು ಕೊಂಡಿ ಬರೆದು ಕಲಿಯುತ್ತೇವೆ. ಅಂಗಡಿಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತಾಗ ಗುರುತು ಹಿಡಿಯುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನದು ಕೇಳಿದೆ. ಅದರಲ್ಲಿ ಕ್ರೋಮಿಯಂ ಉಕ್ಕಿನ ಒಳಗೇ ಬೆರೆತಿರುತ್ತದೆ, ಲೇಪ ಏಳುವ ಭಯವಿಲ್ಲ. ಆದರೆ ಅದರ ಬೆಲೆ ನಮ್ಮ ಕೈಗೆಟುಕಲಿಲ್ಲ. ಅದೂ ಅದೇ ಅದಿರಿನಿಂದ ಬಂದದ್ದು ತಾನೇ. ಪೂರ್ತಿ ನಿರ್ದೋಷಿಯಾದ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೊನೆಗೆ ಕ್ರೋಮ್ ಸೆಟ್ಟನ್ನೇ ಕೊಂಡೆವು, ಆರು ಕುರ್ಚಿಯದ್ದು. ಕುರ್ಚಿ ಬೋರಲು ಹಾಕಿ ಬೆಸುಗೆ, ರಬ್ಬರ್ ಬುಶ್ ಎಲ್ಲ ನೋಡಿ, ಗಟ್ಟಿಯಾದದ್ದನ್ನೇ ಆರಿಸಿದೆವು. ಹತ್ತಿಪ್ಪತ್ತು ವರ್ಷ ಕೆಡದಂತೆ ನೋಡಿಕೊಳ್ಳಬೇಕು, ಇನ್ನೊಂದು ಸೆಟ್ಟಿಗಾಗಿ ಇನ್ನೊಬ್ಬರ ಕೈ ತೊಟ್ಟಿಗೆ ಇಳಿಯದಿರಲಿ ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿದೆ. ಸಬೀನ ಹಾಕಿ ಉಜ್ಜಬಾರದು, ಆಸಿಡ್ ತಾಗಿಸಬಾರದು, ನೆಲ ಒರೆಸುವ ಒದ್ದೆ ಬಟ್ಟೆ ಕಾಲಿಗೆ ತಾಗಿದರೆ ಕೂಡಲೇ ಒಣಬಟ್ಟೆಯಲ್ಲಿ ಒರೆಸಬೇಕು. ಇಷ್ಟು ಪಾಲಿಸಿದರೆ ತುಕ್ಕು ಬೇಗ ಹತ್ತುವುದಿಲ್ಲ.

ಆ ಸಂಕಲ್ಪದ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಒರೆಸುವವರು ಯಾರು ಎಂದು ಮಾತ್ರ ಯೋಚಿಸಿರಲಿಲ್ಲ.

*ಕೊಂಡ ಮೇಲೆ*

ಕ್ರೋಮ್ ಮೇಲೆ ಬೆರಳು ಇಟ್ಟರೆ ಗುರುತು, ನೀರು ಬಿದ್ದರೆ ಕಲೆ. ಒರೆಸಿದಷ್ಟೂ ಸಾಲದು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಐವತ್ತು ದಾಟಿದವರು. ಮೇಜು ಬಂದ ಮಾರನೇ ದಿನ ಆ ಇಪ್ಪತ್ತನಾಲ್ಕು ಕುರ್ಚಿಕಾಲುಗಳನ್ನು ಒಂದೊಂದಾಗಿ ಒರೆಸುತ್ತ, ನೆಲದ ಮೇಲೆ ಕೂತೇ ಕೇಳಿದರು.

"ಟೀಚರಮ್ಮ, ಇದ್ರಲ್ಲಿ ಎಷ್ಟು ಜನ ಕೂರ್ಬೋದು?"

"ಆರು ಜನ ಅಕ್ಕ."

"ನೀವಿರೋದು ನಾಕೇ ಜನ ಅಲ್ವಾ?"

ಅವರು ಸುಮ್ಮನೆ ಲೆಕ್ಕ ಕೇಳಿದ್ದರು. ಆಮೇಲೆ ಎಂದಿನಂತೆ ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತರು. ಕಿಟಕಿಯ ಕಟ್ಟೆಯ ಮೇಲಿದ್ದ ತಮ್ಮ ಲೋಟ ತೆಗೆದುಕೊಂಡು ಟೀಗೆ ಒಡ್ಡಿದರು.

ಬಂಧುಗಳೇ, ಆ ಲೋಟವನ್ನು ಅಲ್ಲಿಟ್ಟದ್ದು ನಾನು. ಹಳೆಯ ಬಾಡಿಗೆ ಮನೆಯಲ್ಲೂ ಅದು ಬೇರೆಯೇ ಇತ್ತು, ಹೊಸ ಮನೆಗೂ ನಾನೇ ಜೋಪಾನವಾಗಿ ತಂದು ಬೇರೆ ಇಟ್ಟಿದ್ದೆ. ಸ್ವಚ್ಛತೆಗೆ ಅಂದುಕೊಂಡಿದ್ದೆ. ನಾಲ್ಕು ಮನೆ ಪಾತ್ರೆ ತೊಳೆದು ಬರುತ್ತಾರೆ ಅಂದುಕೊಂಡಿದ್ದೆ. ಅಪ್ಪನಿಗೆ ಚಿಪ್ಪು ಕೊಟ್ಟ ಹೋಟೆಲಿನವರೂ ಏನಾದರೊಂದು ಕಾರಣ ಅಂದುಕೊಂಡಿರುತ್ತಾರೆ. ಚಿಪ್ಪು ಹೋಗಿ ಸ್ಟೀಲು ಬಂದಿದೆ, ಸೂರು ಹೋಗಿ ಕಿಟಕಿಯ ಕಟ್ಟೆ ಬಂದಿದೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಆರು ಕುರ್ಚಿ, ಹಿತ್ತಲಲ್ಲಿ ಬೇರೆ ಲೋಟ.

ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಕೆಲವು ಭಿಕ್ಖುಗಳು ಮುಂದೆ ಹೋಗಿ ಮಲಗುವ ಜಾಗವನ್ನೆಲ್ಲ ಹಿಡಿದುಕೊಂಡಿದ್ದರಿಂದ ಸಾರಿಪುತ್ತರಂಥ ಹಿರಿಯರು ಮರದ ಕೆಳಗೆ ರಾತ್ರಿ ಕಳೆಯಬೇಕಾಯಿತು. ಬೆಳಗ್ಗೆ ಭಗವಾನರು ಎಲ್ಲರನ್ನೂ ಸೇರಿಸಿ, ಮೊದಲ ಆಸನ, ಮೊದಲ ನೀರು, ಮೊದಲ ಅನ್ನ ಯಾರಿಗೆ ಸಲ್ಲಬೇಕು ಎಂದು ಕೇಳಿದರು. ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು ಕೆಲವರು, ಬ್ರಾಹ್ಮಣ ಕುಲದವರಿಗೆ ಎಂದರು ಕೆಲವರು. ಭಗವಾನರು ಅದನ್ನು ಒಪ್ಪದೆ ಕವುಜುಗ, ಕೋತಿ, ಆನೆ ಈ ಮೂವರ ಕಥೆ ಹೇಳಿ, ಸಂಘದಲ್ಲಿ ಹಿರಿತನಕ್ಕೆ ಮಾತ್ರ ಗೌರವ ಎಂದು ತೀರ್ಮಾನಿಸಿದರು. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆಯಾದದ್ದೂ ಇದಕ್ಕೇ. ನಮ್ಮ ಅಹಂಕಾರ ಇಳಿಯಲಿ ಎಂದು ಆ ರಾಜಕುಮಾರರೇ ಹಾಗೆ ಕೇಳಿಕೊಂಡರು. ಅಂದಿನಿಂದ ಅವರು ಅವನಿಗೆ ಎದ್ದು ನಮಸ್ಕರಿಸಬೇಕಾಯಿತು. ಆಸನ, ನೀರು, ಅನ್ನ ಈ ಮೂರರಲ್ಲೇ ಸಮತೆ ಪರೀಕ್ಷೆಗೆ ಬೀಳುತ್ತದೆ. ನಾನು ಮೂರರಲ್ಲೂ ಸೋತಿದ್ದೆ.

ಮರುದಿನ "ಅಕ್ಕ, ಬನ್ನಿ, ಮೇಲೆ ಕೂತು ತಿನ್ನಿ" ಎಂದೆ. ಅವರು ಗಾಬರಿಯಾದರು.

"ಬೇಡಿ ಟೀಚರಮ್ಮ. ಯಾರಾರಾ ನೋಡಿದ್ರೆ ಬೇರೆ ಮನೇಲಿ ಕೆಲ್ಸ ಹೋಗ್ತದೆ."

ನನ್ನ ಮನಸ್ಸಿನ ಸಮಾಧಾನಕ್ಕಾಗಿ ಅವರ ಅನ್ನಕ್ಕೆ ಕುತ್ತು ತರಬಹುದೇ? ಬಲವಂತವಾಗಿ ಕೂರಿಸಿದ್ದರೆ ಆ ಕುರ್ಚಿಯೂ ಇನ್ನೊಂದು ಪ್ರದರ್ಶನವಾಗುತ್ತಿತ್ತು. ಹಾಗಾಗಿ ನನ್ನ ಕೈಲಿದ್ದದ್ದನ್ನು ಮೊದಲು ಮಾಡಿದೆ. ಕಿಟಕಿಯ ಲೋಟ ಒಳಗೆ ಬಂದು ಉಳಿದ ಲೋಟಗಳ ಜೊತೆ ಸೇರಿತು. ಈಗ ಯಾವುದು ಯಾರದು ಎಂದು ನನಗೇ ಗೊತ್ತಾಗುವುದಿಲ್ಲ. ಮೇಜು ಒರೆಸುವುದು ಹೆಚ್ಚಿನ ಕೆಲಸ, ಅದಕ್ಕೆ ಸಂಬಳ ಹೆಚ್ಚಿಸಿದೆವು. ವಾರಕ್ಕೊಂದು ದಿನ ಸಂಬಳ ಹಿಡಿಯದ ರಜೆ ಎಂದು ಗೊತ್ತುಮಾಡಿದೆವು. ಕುರ್ಚಿ ಕೊಟ್ಟು ಕೂಲಿ ಕೊಡದಿದ್ದರೆ ಅದೂ ಒಂದು ವಂಚನೆಯೇ. ರಜೆಯ ದಿನ ಮೇಜು ಒರೆಸುವ ಸರದಿ ಮಗಳದು ಮತ್ತು ನಮ್ಮ ಮನೆಯವರದು. ಒಂದೇ ವಾರದಲ್ಲಿ ಮಗಳು "ಅಮ್ಮ, ಮರದ್ದೇ ತಗೋಬೇಕಿತ್ತು" ಎಂದಳು.

ಬೆಳಗಿನ ಟೀಯನ್ನು ನಾನೂ ಹಿತ್ತಲ ಮೆಟ್ಟಿಲಲ್ಲೇ ಅವರ ಪಕ್ಕ ಕೂತು ಕುಡಿಯತೊಡಗಿದೆ. ಎರಡು ವಾರ ಕಳೆದ ಮೇಲೆ ಒಂದು ಜೋರು ಮಳೆಯ ದಿನ. ಮೆಟ್ಟಿಲೆಲ್ಲ ನೀರು. ಅತ್ತೆಯವರೇ ಒಳಗಿನಿಂದ "ಬಾ ಕಣಮ್ಮ, ಇಲ್ಲೇ ಕೂತ್ಕೊ, ನಂಗೂ ಮಾತಾಡೋಕೆ ಯಾರಾದ್ರೂ ಬೇಕು" ಎಂದು ಕರೆದರು. ಅಕ್ಕ ಸೆರಗಿನಿಂದ ಕುರ್ಚಿಯನ್ನು ಒಮ್ಮೆ ಒರೆಸಿ ಕೂತರು. ಇಬ್ಬರೂ ಮಂಡಿ ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಈಗ ಬಾಗಿಲು ಮುಂದಕ್ಕೆ ಹಾಕಿದ್ದರೆ ಕೂರುತ್ತಾರೆ, ತೆರೆದಿದ್ದರೆ ಮೆಟ್ಟಿಲಿಗೇ ಹೋಗುತ್ತಾರೆ. ಕೂತಾಗಲೂ ಕುರ್ಚಿಯ ತುದಿಯಲ್ಲಿ. ಬೆನ್ನು ಇನ್ನೂ ಒರಗಿಸಿಲ್ಲ.

*ಇಂದಿನ ಅಭ್ಯಾಸ:* ಇವತ್ತು ಊಟಕ್ಕೆ ಕೂರುವ ಮುನ್ನ ನಿಮ್ಮ ಮನೆಯ ಕಿಟಕಿಯ ಕಟ್ಟೆ, ಹಿತ್ತಲ ಮೂಲೆ, ಪಾತ್ರೆಯ ಗೂಡು ಒಮ್ಮೆ ನೋಡಿ. ಬೇರೆ ಇಟ್ಟ ಲೋಟವೊಂದು ಅಲ್ಲಿದ್ದರೆ ಅದನ್ನು ಇಟ್ಟವರು ಯಾರು ಎಂದು ಕೇಳಿಕೊಳ್ಳಿ. ಉತ್ತರವನ್ನು ಗುಂಪಿನಲ್ಲಿ ಹಾಕಬೇಕಾಗಿಲ್ಲ. ಲೋಟವನ್ನು ಒಳಗೆ ತಂದರೆ ಸಾಕು.

ಸರ್ವರಿಗೂ ಮಂಗಳವಾಗಲಿ 🙏