ಯುದ್ಧವೂ ಶಿಶುರಕ್ಷಣೆಯೂ

ಯುದ್ಧಪೀಡಿತವಾದ ಶಿಶುವಿಗೆ ಸಲ್ಲಬೇಕಾದ ಸಹಾಯವು ಯಾವುದೆಂದರೆ, ಅನ್ನ, ವಸ್ತ್ರ, ಆಶ್ರಯಗಳೆಂದು ಲೋಕವು ಉತ್ತರ ಕೊಡುವುದು. ಮಾತು ಬಾರದ ಕೂಸಿಗೆ ಭಯದ ನೆನಪೆಲ್ಲಿಯದು, ಅದನ್ನು ಅಪಾಯದಿಂದ ದೂರವಿರಿಸಿದರೆ ಸಾಲದೆ, ಎಂಬುದು ಪೂರ್ವಪಕ್ಷ. ಈ ವಾದವು ಮೇಲ್ನೋಟಕ್ಕೆ ಯುಕ್ತವಾಗಿ ತೋರಿದರೂ ಅನುಭವದ ಪರೀಕ್ಷೆಯಲ್ಲಿ ನಿಲ್ಲಲಾರದು.

1939ನೆಯ ಇಸವಿ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರ್ಕಾರವು ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ಪಟ್ಟಣಗಳಿಂದ ಹಳ್ಳಿಗಳಿಗೆ ಸಾಗಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಂದೆತಾಯಿಗಳನ್ನಗಲಿದ ಶಾಲಾಬಾಲಕರು. ಉದ್ದೇಶವೇನೋ ಒಳ್ಳೆಯದೇ. ಆದರೆ 1941ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಯುದ್ಧಪೀಡಿತ ಮಕ್ಕಳಿಗಾಗಿ ಶಿಶುಗೃಹವನ್ನು ತೆರೆದ ಆನಾ ಫ್ರಾಯ್ಡ್, ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ವಿದುಷಿಯರು ಕಂಡದ್ದೇ ಬೇರೆ. ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದನ್ನು ಕೇಳಿದ ಮಗುವಿಗಿಂತ, ಸುರಕ್ಷಿತಸ್ಥಳದಲ್ಲಿದ್ದೂ ತಾಯಿಯನ್ನಗಲಿದ ಮಗುವೇ ಹೆಚ್ಚಾಗಿ ಕುಗ್ಗುತ್ತಿದ್ದಿತು. ತಾಯಿಯು ಶಾಂತಳಾಗಿದ್ದರೆ ಕೂಸೂ ಶಾಂತ. ಆಕೆ ನಡುಗಿದರೆ ಅದೂ ನಡುಗುವುದು. ಆದಕಾರಣ ಅವರು ತಾಯಂದಿರಿಗೆ ಸದಾ ಬಾಗಿಲನ್ನು ತೆರೆದಿಟ್ಟರು. ಮಕ್ಕಳನ್ನು ಚಿಕ್ಕ ಚಿಕ್ಕ ಕುಟುಂಬಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಸಾಕುತಾಯಿಯನ್ನು ನೇಮಿಸಿದರು. ಮೊದಲು ಅಸೂಯೆ, ಅಳು, ಜಗಳಗಳು ಹೆಚ್ಚಿದವು. ಅನಂತರ ಮಾತೂ ನಡೆವಳಿಯೂ ಬೇಗನೆ ಬೆಳೆದವು. ಆ ಅಳುವಾದರೂ ಮಮತೆಯು ಮರಳಿತೆಂಬುದರ ಲಕ್ಷಣವೇ ಆಗಿದ್ದಿತು.

ಹಾಗಾದರೆ ಮಗುವನ್ನು ಬೆಂಕಿಯ ಬಾಯಲ್ಲಿಯೇ ಬಿಡಬೇಕೆ? ಬಿಡಬಾರದು, ಸಾಗಿಸುವುದಾದರೆ ತಾಯಿಮಕ್ಕಳನ್ನು ಕೂಡಿಯೇ ಸಾಗಿಸಬೇಕು. ಕೂಡಿ ಸಾಗಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯಿತೆಂದೂ ಅಲ್ಲ. 2022ರಲ್ಲಿ ಯುಕ್ರೇನಿನ ಮೇಲೆ ದಂಡೆತ್ತಿದಾಗ, 18ರಿಂದ 60 ವರ್ಷದ ಗಂಡಸರು ಸಾಮಾನ್ಯವಾಗಿ ದೇಶ ಬಿಡುವಂತಿರಲಿಲ್ಲ. ಲಕ್ಷಾಂತರ ತಾಯಂದಿರು ಪತಿಯ ಚಿಂತೆಯನ್ನು ಹೊತ್ತು, ಕೂಸುಗಳೊಡನೆ ಪೋಲೆಂಡ್ ಮೊದಲಾದ ನೆರೆನಾಡುಗಳನ್ನು ಸೇರಿದರು. ನಿದ್ರೆಗೆಟ್ಟ, ಭಾಷೆಯರಿಯದ ಆ ತಾಯಿಗೆ ರೊಟ್ಟಿಯೊಡನೆ ಕಿವಿಗೊಟ್ಟು ಕೇಳುವವರೂ, ಗಳಿಗೆ ಹೊತ್ತು ಮಗುವನ್ನೆತ್ತಿಕೊಳ್ಳುವವರೂ, ಮಾತು ನಿಂತ ಕೂಸನ್ನು ಮತ್ತೆ ಆಟಕ್ಕೆಳೆಯುವ ಬಗೆಯನ್ನು ತೋರಿಸುವವರೂ ಬೇಕು. ಆಕೆಗೆ ಮಾಡಿದ ಉಪಕಾರವು ದೇಹಲೀದೀಪನ್ಯಾಯದಂತೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವಂತೆ ತಾಯಿಯನ್ನೂ ಶಿಶುವನ್ನೂ ಕಾಯುವುದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಜನರು ಶಿಕ್ಷೆಗೆ ಹೇಳುವರು. ಅದು ಸಾಂತ್ವನಕ್ಕೂ ಸಲ್ಲುವುದು. ಯುದ್ಧವನ್ನು ನಿಶ್ಚಯಿಸಿದ ಸಭೆಯಲ್ಲಿ ಶಿಶುವಿಗೆ ಸ್ಥಾನವಿರಲಿಲ್ಲ. ಆದುದರಿಂದ ಅದಕ್ಕೆ ಮಾಡುವ ಸಹಾಯವು ದಾನವಲ್ಲ, ಹಿರಿಯರು ತೀರಿಸಬೇಕಾದ ಋಣ. ತಡವಾದ ಋಣಕ್ಕೆ ಬಡ್ಡಿ ಬೆಳೆಯುವುದು. ಅದನ್ನು ಆ ಮಗುವೇ ತನ್ನ ಆಯುಷ್ಯದಲ್ಲಿ ತೆರಬೇಕಾಗುವುದು.