ಕ್ಷಮಿಸುವ ಹಕ್ಕು ಯಾರದು?

ಫ್ರೆಂಚ್ ನಿರ್ದೇಶಕ ಲಾಜ್ ಲೀ ಅವರ ಮೊದಲ ಕಥಾಚಿತ್ರ ‘ಲೇ ಮಿಸೆರಾಬ್ಲ್’ 2019ರ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಬಹುಮಾನ ಹಂಚಿಕೊಂಡಿತು. ಮರುವರ್ಷ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸೆಜಾರ್ ಕೂಡ ಅದಕ್ಕೇ ಸಂದಿತು. ವಿಮರ್ಶಕರು ಅದನ್ನು 1995ರ ‘ಲಾ ಎನ್’ ಪಕ್ಕದಲ್ಲಿಟ್ಟು ನೋಡಿದರು. ಚಿತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಪೊಲೀಸರನ್ನೂ ಮನುಷ್ಯರಾಗಿಯೇ ತೋರಿಸುತ್ತದೆ ಎಂದು ಮೆಚ್ಚಿದವರು ಹಲವರು. ಈ ಮೆಚ್ಚುಗೆ ನನಗೆ ಅರ್ಧ ಸತ್ಯವೆನಿಸುತ್ತದೆ.

ಲೀ ಬೆಳೆದದ್ದು ಪ್ಯಾರಿಸ್ ಹೊರವಲಯದ ಮೋನ್‌ಫೆರ್ಮೆಯ್‌ನಲ್ಲಿ. 2005ರಲ್ಲಿ ಪಕ್ಕದ ಊರಿನಲ್ಲಿ ಪೊಲೀಸರಿಗೆ ಹೆದರಿ ವಿದ್ಯುತ್ ಉಪಕೇಂದ್ರದೊಳಗೆ ಅಡಗಿದ ಇಬ್ಬರು ಹುಡುಗರು ಶಾಕ್ ಹೊಡೆದು ಸತ್ತರು. ಅದರ ಬೆನ್ನಿಗೆ ಸುಮಾರು ಮೂರು ವಾರ ಫ್ರಾನ್ಸ್ ಹೊತ್ತಿ ಉರಿಯಿತು. 2008ರಲ್ಲಿ ಪೊಲೀಸರು ಒಬ್ಬನನ್ನು ಥಳಿಸುವುದನ್ನು ಲೀ ಸ್ವತಃ ಚಿತ್ರೀಕರಿಸಿದರು. ಸಾಕ್ಷ್ಯದ ಬೆಲೆ ಅವರಿಗೆ ಗೊತ್ತು.

ಚಿತ್ರದಲ್ಲಿ ಗ್ವಾಡಾ ಎಂಬ ಪೊಲೀಸ್ ಗಲಾಟೆಯ ನಡುವೆ ಇಸ್ಸಾ ಎಂಬ ಹುಡುಗನ ಮುಖಕ್ಕೆ ರಬ್ಬರ್ ಗುಂಡು ಹಾರಿಸುತ್ತಾನೆ. ಮೇಲೆ ಇನ್ನೊಬ್ಬ ಹುಡುಗನ ಡ್ರೋನ್ ಎಲ್ಲವನ್ನೂ ಸೆರೆಹಿಡಿಯುತ್ತಿದೆ. ಮೊದಲು ಆಸ್ಪತ್ರೆ ಎನ್ನುತ್ತಾನೆ ತಂಡಕ್ಕೆ ಹೊಸದಾಗಿ ಸೇರಿದ ರುಯಿಜ್. ಮೊದಲು ಡ್ರೋನ್ ಎನ್ನುತ್ತಾನೆ ತಂಡದ ಮುಂದಾಳು ಕ್ರಿಸ್. ರಾತ್ರಿ ಗ್ವಾಡಾ ತಾಯಿಯ ಎದುರು ಅಳುತ್ತಾನೆ, ನಮಗೂ ಅಯ್ಯೋ ಅನ್ನಿಸುತ್ತದೆ. ಕೊನೆಗೆ ಮೆಮೊರಿ ಕಾರ್ಡ್ ಸಿಗುವುದು ರುಯಿಜ್ ಕೈಗೆ. ಅವನು ಅದನ್ನು ಗ್ವಾಡಾಗೇ ಕೊಟ್ಟುಬಿಡುತ್ತಾನೆ.

ಮೂವರಲ್ಲಿ ಒಳ್ಳೆಯವನು ರುಯಿಜ್. ಗ್ವಾಡಾನ ಭಯ, ಪಶ್ಚಾತ್ತಾಪ ಅವನಿಗೆ ಅರ್ಥವಾಗಿದೆ. ಆದರೆ ಅರ್ಥ ಮಾಡಿಕೊಳ್ಳುವುದು ಬೇರೆ, ಮನ್ನಿಸುವುದು ಬೇರೆ. ಮೊದಲನೆಯದು ಯಾರಿಗೂ ಸಾಧ್ಯ. ಎರಡನೆಯದು ಏಟು ತಿಂದವನಿಗೆ ಮಾತ್ರ ಸೇರಿದ್ದು. ಆ ಕಾರ್ಡಿನಲ್ಲಿದ್ದದ್ದು ಇಸ್ಸಾನ ನ್ಯಾಯ. ಅದನ್ನು ಗುಂಡು ಹಾರಿಸಿದವನ ಆತ್ಮಸಾಕ್ಷಿಗೆ ಒಪ್ಪಿಸುವ ಮೊದಲು ಇಸ್ಸಾನನ್ನು ಯಾರೂ ಕೇಳಲಿಲ್ಲ.

ಹಾಗಾಗಿಯೇ ಕೊನೆಯ ದೃಶ್ಯ ನನ್ನನ್ನು ಕಾಡುತ್ತದೆ. ಮೆಟ್ಟಿಲ ಮೇಲೆ ಇಸ್ಸಾ, ಕೈಯಲ್ಲಿ ಪೆಟ್ರೋಲ್ ಬಾಂಬ್. ಎದುರಿಗೆ ಪಿಸ್ತೂಲು ಹಿಡಿದ ರುಯಿಜ್. ಏನಾಯಿತೆಂದು ತೋರಿಸದೆ ಚಿತ್ರ ಮುಗಿಯುತ್ತದೆ. ಇದನ್ನು ಜಾರಿಕೊಳ್ಳುವಿಕೆ ಎನ್ನಬಹುದು. ನಾನು ಹಾಗೆ ಓದುವುದಿಲ್ಲ. ಎದುರು ನಿಂತವನು ಕ್ರೂರಿ ಕ್ರಿಸ್ ಅಲ್ಲ, ಸಜ್ಜನ ರುಯಿಜ್ ಎಂಬುದರಲ್ಲೇ ನಿರ್ದೇಶಕರ ತೀರ್ಪಿದೆ. ಇಸ್ಸಾ ಎಸೆಯುವುದು ಸರಿಯೆಂದು ಚಿತ್ರ ಹೇಳುವುದಿಲ್ಲ. ಅವನ ಮಾತಿಗಿದ್ದ ದಾರಿಯನ್ನು ಮುಚ್ಚಿದವರಲ್ಲಿ ಒಳ್ಳೆಯವರೂ ಇದ್ದರು ಎನ್ನುತ್ತದೆ.

ಎಲ್ಲರಿಗೂ ಕಾರಣಗಳಿರುತ್ತವೆ, ನಿಜ. ಆದರೆ ಕಾರ್ಡು ಎಲ್ಲರ ಕೈಯಲ್ಲೂ ಇರುವುದಿಲ್ಲ.